ತುಂಗಿಯ ಗಂಟೆ, ಹೊಳ್ಳರ ಕ್ಯಾಮೆರಾ

ಆಗೆಲ್ಲ ಸೀತೂರಿನ ಸುತ್ತಿನ ನಮ್ಮ ಹಳ್ಳಿಗಳಲ್ಲಿ ದನಗಳನ್ನು ಯಾರೂ ಕಟ್ಟಿ ಮೇಯಿಸುತ್ತಿರಲಿಲ್ಲ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಹಾಕಿದ ಗಳ ಸರಿಸಿದರೆ ತಾವಾಗಿ ಕಾಡು ಸೇರುತ್ತಿದ್ದವು, ಹೊತ್ತು ಇಳಿಯುವಾಗ ತಾವಾಗಿ ಬರುತ್ತಿದ್ದವು. ಪ್ರತಿ ದನದ ಕೊರಳಿಗೂ ಒಂದು ಮರದ ಗಂಟೆ. ಹಲಸಿನ ಮರದ್ದಕ್ಕೆ ಒಂದು ಸದ್ದು, ಬೈನೆ ಮರದ್ದಕ್ಕೆ ಇನ್ನೊಂದು. ನಾವು ಮಕ್ಕಳು ಶಾಲೆಯಿಂದ ಬಂದು, ಬೆಲ್ಲ ಕಲಸಿದ ಅವಲಕ್ಕಿ ಮುಕ್ಕುತ್ತಾ, ಕಣ್ಣು ಮುಚ್ಚಿ ಕಾಡಿನ ಕಡೆ ಕಿವಿಯಿಟ್ಟು ಕೂರುತ್ತಿದ್ದೆವು. ಯಾರ ಮನೆಯ ದನ ಎಲ್ಲಿ ಇಳಿಯುತ್ತಿದೆ ಎಂದು ಮೊದಲು ಕೂಗಿದವನು ಗೆದ್ದ. ನಾನು ಸೋತದ್ದು ಕಡಿಮೆ. ಆ ಕಿವಿ ಈಗ ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದಿಗೆ ಅರ್ಧ ಹೋಗಿದೆ.

ನನ್ನ ಓದು ಏಳನೇ ಕ್ಲಾಸಿಗೆ ಮುಗಿಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಶೆಟ್ಟಿಕೊಪ್ಪದಲ್ಲಿ ಸ್ವಂತ ವೆಲ್ಡಿಂಗ್ ಶಾಪ್ ಇದೆ, ನಾನು ಮಾಡಿದ ಗೇಟು ಜೋತುಬಿದ್ದದ್ದನ್ನು ಇವತ್ತಿನವರೆಗೆ ಯಾರೂ ನೋಡಿಲ್ಲ. ಆದರೆ ನಾನು ಬರೆಯಹೊರಟಿರುವುದು ಮೂರನೇ ಕ್ಲಾಸಿನಲ್ಲಿದ್ದಾಗಿನ ಒಂದು ಕಾರ್ತಿಕ ಮಾಸದ ವಿಷಯ. ಅವ್ವ ನನ್ನ ತಂಗಿಯನ್ನು ಹೆರಲು ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪಯ್ಯ, ಅಪ್ಪಯ್ಯನ ತಾಯಿಯಾದ ನನ್ನ ಅಜ್ಜಿ, ನಾನು. ಆ ದಿನಗಳಲ್ಲೇ ಜರ್ಮನಿಯಿಂದ ಒಬ್ಬರು ಸಿನಿಮಾ ತೆಗೆಯಲು ಬಂದರು. ಹೀರೋ, ಹಾಡು ಇರುವ ಸಿನಿಮಾ ಅಲ್ಲ. ಇದ್ದದ್ದನ್ನು ಇದ್ದಹಾಗೆ ತೆಗೆಯುವ ಡಾಕ್ಯುಮೆಂಟರಿ. ಹುಲಿ ಇರುವ ಕಾಡಿನ ಅಂಚಿನಲ್ಲಿ ಜನ ದನ ಸಾಕಿಕೊಂಡು ಹೇಗೆ ಬದುಕುತ್ತಾರೆ ಎನ್ನುವುದು ಅವರಿಗೆ ಬೇಕಾಗಿತ್ತು.

ಅವರ ಹೆಸರು ಹೋಲ್ಗರ್. ಅಜ್ಜಿಯ ಬಾಯಲ್ಲಿ ಅದು ನಮ್ಮ ಕಡೆಯ ಬ್ರಾಹ್ಮಣರ ಹೆಸರಾಗಿ, ಹೊಳ್ಳರು ಆಯಿತು.

"ಯಾವೂರ ಹೊಳ್ಳರೋ ಪಾಪ, ಬಿಸ್ಲಿಗೆ ಬೆಂದು ಸೀಗಡಿ ಆಗಿದಾರೆ" ಎಂದು ಮರುಗಿದಳು. ಅಂದು ಸಂಜೆ ಮೀನಿನ ಸಾರು ಕುದಿಯುತ್ತಿದ್ದಾಗ ಅವಳಿಗೆ ಗಾಬರಿ. "ಹೊಳ್ಳರಿಗೆ ಮೀನು ಬಡ್ಸಾದು ಹೆಂಗಾ?"

"ಅವ್ರು ಆ ಹೊಳ್ಳರಲ್ಲ ಕಣವ್ವಾ, ಎಲ್ಲ ತಿಂತಾರೆ. ಸುಮ್ನೆ ಬಡ್ಸು" ಎಂದು ಅಪ್ಪಯ್ಯ ನಕ್ಕ.

ಹೊಳ್ಳರು ಮೀನೂ ತಿಂದರು, ಕಡುಬನ್ನು ಜೇನಿನಲ್ಲಿ ಅದ್ದಿಕೊಂಡೂ ತಿಂದರು. ತಿಂದು ಎದ್ದವರೇ ಪ್ರತಿ ಸಲ "ಚೆನ್ನಾಗಿತ್ತು" ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ಅದೊಂದೇ ಮಾತು. ಉಳಿದದ್ದಕ್ಕೆಲ್ಲ ಜೊತೆಯಲ್ಲಿ ಮಂಗಳೂರಿನ ದಿವಾಕರ ಎನ್ನುವವರಿದ್ದರು.

ನನಗೆ ಹೊಳ್ಳರ ಮೇಲೆ ಎಷ್ಟು ಪ್ರೀತಿ ಹುಟ್ಟಿತು ಎಂದರೆ, ಶಾಲೆಗೆ ಹೋಗುವ ದಾರಿಯಲ್ಲೇ ತಿರುಗಿ ಬಂದುಬಿಡುತ್ತಿದ್ದೆ. ಅವರ ಮೈಯಿಂದ ನಿಂಬೆ ಸೋಪಿನ ವಾಸನೆ ಬರುತ್ತಿತ್ತು, ಕ್ಯಾಮೆರಾದ ಪೆಟ್ಟಿಗೆಯಿಂದ ಹೊಸ ಚಪ್ಪಲಿಯ ವಾಸನೆ. ಪಪ್ಪಾಯಿ ದಂಟನ್ನು ಕಣ್ಣಿಗಿಟ್ಟುಕೊಂಡು ಊರ ಹುಡುಗರೆಲ್ಲ ಸಿನಿಮಾ ತೆಗೆಯುವ ಆಟ ಶುರುಮಾಡಿದ್ದೆವು. ಒಂದು ದಿನ ಹೊಳ್ಳರು ತಮ್ಮ ಹೆಡ್‌ಫೋನನ್ನೇ ನನ್ನ ಕಿವಿಗೆ ಹಾಕಿದರು. ಗುಡ್ಡದಾಚೆಯ ಗಂಟೆಗಳೆಲ್ಲ ನನ್ನ ತಲೆಯೊಳಗೆ ಬಂದು ನಿಂತವು. ನಾನು ಒಂದೊಂದನ್ನೂ ಹೆಸರು ಹಿಡಿದು ಹೇಳಿದೆ. ಕೊನೆಗೆ ನಮ್ಮ ತುಂಗಿ.

ತುಂಗಿ ನಮ್ಮ ಮನೆಯ ಗಿಡ್ಡ ತಳಿಯ ಹಸು. ಅವಳ ಮೊದಲ ಕರು ನಾನು ಹುಟ್ಟಿದ ವಾರವೇ ಹುಟ್ಟಿತ್ತಂತೆ. ಅಜ್ಜಿ ನನ್ನನ್ನೂ ತುಂಗಿಯನ್ನೂ ಒಂದೇ ದನಿಯಲ್ಲಿ ಬೈಯುತ್ತಿದ್ದಳು.

"ಸಂಜೆಗೆ ದನ ಬಾರದಿದ್ದರೆ ಏನು ಮಾಡ್ತೀರಿ ಅಂತ ಕೇಳ್ತಾರೆ ಇವರು" ಎಂದರು ದಿವಾಕರ.

"ಹುಡ್ಕಾದು" ಎಂದೆ.

"ಸಿಗದಿದ್ದರೆ?"

"ಹುಲಿ ಹಿಡ್ದಿದ್ರೆ ಗಂಟೆ ಸಿಗ್ತದೆ. ಅಪ್ಪಯ್ಯ ಗಂಟೆ ಬಿಚ್ಕೊಂಡ್ ಮನಿಗೆ ಬರ್ತಾರೆ. ಬಾಯಲ್ಲಿ ಎಂತದೂ ಹೇಳಾದಿಲ್ಲ. ಕೈಯಲ್ಲಿ ಗಂಟೆ ಕಂಡ್ರೆ ಎಲ್ಲರಿಗೂ ಗೊತ್ತಾಗ್ತದೆ."

ನಮ್ಮಲ್ಲಿ ಅದು ಹಾಗೆಯೇ. ಸತ್ತ ಸುದ್ದಿಯನ್ನು ಬಾಯಿಬಿಟ್ಟು ಹೇಳುವ ಕಷ್ಟವನ್ನು ಗಂಟೆ ತಪ್ಪಿಸುತ್ತಿತ್ತು. ಹೊಳ್ಳರು ಆ ಮಾತನ್ನು ದಿವಾಕರರಿಂದ ಮತ್ತೊಮ್ಮೆ ಹೇಳಿಸಿಕೊಂಡರು. ನನ್ನ ಕೆನ್ನೆ ಸವರಿದರು. ಅಷ್ಟು ದೂರದಿಂದ ಬಂದ ದೊಡ್ಡವರಿಗೆ ಗೊತ್ತಿಲ್ಲದ್ದನ್ನು ನಾನು ಹೇಳಿಕೊಟ್ಟೆ ಎಂದು ನನಗೆ ಎದೆಯುಬ್ಬಿತು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಸಂಜೆ ತುಂಗಿ ಬರಲಿಲ್ಲ. ಎಲ್ಲರ ಗಂಟೆಯೂ ಇಳಿದು ಬಂತು, ಅವಳದ್ದು ಇಲ್ಲ. ಅಪ್ಪಯ್ಯ ಕತ್ತಿ ಸಿಕ್ಕಿಸಿಕೊಂಡು ಕಾಡಿಗೆ ಹೋದ. ನಾನು ಅಂಗಳದ ತುದಿಯಲ್ಲಿ ಕಾಯುತ್ತ ನಿಂತೆ. ಇನ್ನೂ ಬೆಳಕಿರುವಾಗಲೇ ಅಪ್ಪಯ್ಯ ಗುಡ್ಡ ಇಳಿದು ಬರುವುದು ಕಂಡಿತು. ನಿಧಾನವಾಗಿ, ತಲೆ ತಗ್ಗಿಸಿಕೊಂಡು. ಅವನ ಕೈಯಲ್ಲಿ ಗಂಟೆ.

ನಾನು ಹೇಗೆ ಅತ್ತೆ ಎಂದು ಬರೆಯಲು ನನಗೆ ಬರುವುದಿಲ್ಲ. ನೆಲಕ್ಕೆ ಬಿದ್ದು ಹೊರಳಾಡಿದೆ. ಗಂಟೆಯನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡೆ. ಅದಕ್ಕಿನ್ನೂ ತುಂಗಿಯ ಕೊರಳಿನ ವಾಸನೆಯಿತ್ತು. ಕೂಗು ಕೇಳಿ ಅಜ್ಜಿ ಒಳಗಿನಿಂದ ಓಡಿಬಂದಳು. ಗಂಟೆ ನೋಡಿದವಳೇ ನನ್ನ ಪಕ್ಕದಲ್ಲಿ ಕುಸಿದು, ನನ್ನನ್ನು ಮಡಿಲಿಗೆ ಎಳೆದುಕೊಂಡು ಅವಳೂ ಅತ್ತಳು. ಅಪ್ಪಯ್ಯ ಕಂಬದ ಹಾಗೆ ನಿಂತೇ ಇದ್ದ.

ಸ್ವಲ್ಪ ಹೊತ್ತಿಗೆ ಹುಲ್ಲಿನ ಬಣವೆಯ ಹಿಂದಿನಿಂದ ಹೊಳ್ಳರು ಎದ್ದುಬಂದರು, ಹೆಗಲ ಮೇಲೆ ಕ್ಯಾಮೆರಾ. ಪಕ್ಕದ ಮನೆಯ ಶೇಷಪ್ಪಣ್ಣನಿಗೆ ದಿವಾಕರ ಏನೋ ಸನ್ನೆ ಮಾಡಿದರು. ಶೇಷಪ್ಪಣ್ಣ ನಗುತ್ತ ಹೋಗಿ ತನ್ನ ಕೊಟ್ಟಿಗೆಯಿಂದ ತುಂಗಿಯನ್ನು ಹಗ್ಗ ಹಿಡಿದು ತಂದ. ಬರಿಗೊರಳಿನ ತುಂಗಿ, ಬಾಯಲ್ಲಿ ಹುಲ್ಲು.

"ತಗಳಾ ನಿನ್ ತುಂಗೀನ! ಮೂಗೊರ್ಸ್ಕ, ಕ್ಯಾಮೆರಾಕ್ಕೆ ಸಿಂಬ್ಳ ಬಿದ್ದೀತು" ಎಂದ ಶೇಷಪ್ಪಣ್ಣ. ಬೇಲಿಯಾಚೆ ನಿಂತವರೆಲ್ಲ ನಕ್ಕರು. ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ನಾನು, ಅಜ್ಜಿ ಇಬ್ಬರೇ.

ಹೊಳ್ಳರು ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟು, ನನ್ನ ಅಳುವಿಗೆ ಹೇಳಿದರು: "ಚೆನ್ನಾಗಿತ್ತು."

ಅಂದು ಅಜ್ಜಿ ಒಲೆ ಹಚ್ಚಲಿಲ್ಲ. "ಹೆತ್ತವ್ಳನ್ನೂ ಅಳ್ಸಿದ್ಯಲ್ಲಾ, ನಿಂಗೆ ಎಂತ ಬಂದಿತ್ತಾ?" ಎಂದು ಅಪ್ಪಯ್ಯನನ್ನು ಹಿಡಿದುಕೊಂಡಳು.

"ಅಷ್ಟು ದೂರದಿಂದ ಬಂದಿದಾರೆ ಕಣವ್ವಾ. ಕಾದು ಕಾದು ಸಾಕಾಯ್ತು, ಹುಲಿ ಬರ್ಲೇ ಇಲ್ಲ. ಮನಿಗೆ ಬಂದವ್ರು ಕೈ ಮುಗ್ದು ಕೇಳಿದ್ರೆ ಇಲ್ಲ ಅನ್ನಾದು ಹೆಂಗೆ? ಮತ್ತೆ ನಾನೆಂತ ಸುಳ್ಳು ಹೇಳ್ದೆ? ಬಾಯೇ ಬಿಡ್ಲಿಲ್ಲ ನಾನು."

"ಬಾಯಿ ಬಿಟ್ಟು ಹೇಳಿದ್ರೆ ಸುಳ್ಳು ಅಂತ ಬಿಡ್ಬೋದಿತ್ತು. ನೀನು ಗಂಟೆ ಹಿಡ್ಕಂಡ್ ಬಂದೆ."

ನಾನು ಕೊಟ್ಟಿಗೆಗೆ ಹೋಗಿ ತುಂಗಿಯ ಪಕ್ಕ ಸೊಪ್ಪಿನ ಮೇಲೆ ಕೂತಿದ್ದೆ. ಅವಳು ಬದುಕಿದ್ದಾಳೆ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾನು ಪ್ರೀತಿಯಿಂದ ಹೇಳಿಕೊಟ್ಟದ್ದನ್ನೇ ಹೊಳ್ಳರು ನನ್ನ ಮೇಲೆ ತಿರುಗಿಸಿದ್ದರು. ಹೋಗಲಿ, ಅವರು ಹೊರಗಿನವರು. ಗಂಟೆ ಹಿಡಿದ ಕೈ ನಮ್ಮ ಮನೆಯದ್ದು.

ಹೊಳ್ಳರ ಜೀಪು ಹೊರಟ ದಿನ ನಾನು ಬೀಳ್ಕೊಡಲು ಹೋಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಜ್ಜಿಗೆ ಜ್ವರ ಹತ್ತಿತು. ಕೊಪ್ಪದ ಆಸ್ಪತ್ರೆಗೆ ಸೇರಿಸಿದರು. ಒಂದು ಮಧ್ಯಾಹ್ನ ಅಪ್ಪಯ್ಯ ಒಬ್ಬನೇ ಬಸ್ಸಿಳಿದು ಬಂದ. ಒದ್ದೆ ಕಂಬಳಿ, ತಗ್ಗಿಸಿದ ತಲೆ, ಕೈಯಲ್ಲಿ ಅಜ್ಜಿಯ ಎಲೆಯಡಿಕೆ ಸಂಚಿ. ಬಾಯಿಬಿಡಲಿಲ್ಲ. ಜಗಲಿಯಲ್ಲಿದ್ದ ಅವ್ವ ತಂಗಿಯನ್ನು ಅವುಚಿಕೊಂಡು ಹೋ ಎಂದು ಅತ್ತಳು.

ನಾನು ನಕ್ಕೆ. ಬಣವೆಯ ಹಿಂದೆ ಹೋಗಿ ಇಣುಕಿ ನೋಡಿ ಬಂದೆ.

"ಅಜ್ಜಿನ ಎಲ್ಲಿ ಕೂರ್ಸಿ ಬಂದೀರಿ? ಶೇಷಪ್ಪಣ್ಣನ ಮನೇಲಾ?" ಎಂದು ಕೇಳಿದೆ.

ಅಪ್ಪಯ್ಯ ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿಲ್ಲ. ಮಳೆಯಲ್ಲೇ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟ. ಸಂಜೆ ಊರವರು ಬಾಡಿಗೆ ಜೀಪಿನಲ್ಲಿ ಅಜ್ಜಿಯನ್ನು ತಂದು ಚಾಪೆಯ ಮೇಲೆ ಮಲಗಿಸಿದಾಗಲೂ ಅವಳು ಈಗ ಎದ್ದಾಳು, ಎಲ್ಲರೂ ನಕ್ಕಾರು ಎಂದು ನಾನು ನೋಡುತ್ತಲೇ ಇದ್ದೆ. ಮೋಸಹೋಗಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. "ಈ ಹುಡ್ಗನ ಎದೆ ಎಂತ ಕಲ್ಲು ಮಾರಾಯ, ಸಾಕಿದ ಅಜ್ಜಿ ಹೋದ್ರೂ ಒಂದು ಹನಿ ಇಲ್ಲ" ಎಂದು ಯಾರೋ ಅಂದರು. ಚಿತೆಗೆ ಬೆಂಕಿ ಹತ್ತಿದಾಗ ನಿಜವೆಂದು ಗೊತ್ತಾಯಿತು. ಅಷ್ಟರಲ್ಲಿ ಅಳುವ ಹೊತ್ತು ಮುಗಿದಿತ್ತು.

ಈಚೆಗೆ ಶೃಂಗೇರಿ ಕಡೆಯ ಒಬ್ಬ ಲೆಕ್ಚರರು ಮೆಣಸೆಯ ತಮ್ಮ ಮನೆಗೆ ಗೇಟು ಮಾಡಿಸಲು ಶಾಪಿಗೆ ಬಂದರು. ಮಾತಿಗೆ ಮಾತು ಬಂದು, ಸೀತೂರಿನ ಕಡೆ ತೆಗೆದ ಹಳೆಯ ಜರ್ಮನ್ ಫಿಲ್ಮೊಂದು ಸಿಕ್ಕಿದೆ ಎಂದು ಫೋನು ತೆರೆದರು. ಹೊಳ್ಳರ ಜೀವನದ ಕಥೆಯನ್ನೂ ಅವರೇ ಓದಿ ಹೇಳಿದರು. ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿದವರಂತೆ. ಮೊದಲ ಫಿಲ್ಮು ತಮ್ಮ ತಂದೆ ದುಡಿಯುತ್ತಿದ್ದ ಗಣಿಯದ್ದು. ಹೆಸರು ತಂದದ್ದು ನಮ್ಮೂರಿನದ್ದು. ಆಮೇಲೆ ಊರೂರಿನ ಬಹುಮಾನ, ಮೇಷ್ಟರ ಕೆಲಸ, ಶಿಷ್ಯರ ಹಿಂಡು. 'ಯಾರಿಗೂ ಏನನ್ನೂ ಮಾಡಿ ಎಂದು ನಾನು ಹೇಳಿದವನಲ್ಲ, ಸುಮ್ಮನೆ ಕಾದವನು' ಎಂದು ಹೋದಲ್ಲೆಲ್ಲ ಹೇಳುತ್ತಿದ್ದರಂತೆ. ಹೋದ ವರ್ಷ ತೀರಿಕೊಂಡರಂತೆ.

ಫಿಲ್ಮಿನಲ್ಲಿ ಅಪ್ಪಯ್ಯ ಗುಡ್ಡ ಇಳಿದು ಬಂದ. ಹುಡುಗ ಬಿದ್ದ.

"ಅವತ್ತು ಹುಲಿ ಹಸುವನ್ನ ಹಿಡೀತು ಅಂತ ಫಿಲ್ಮಲ್ಲಿ ಹೇಳ್ತಿದಾರೆ" ಎಂದರು ಲೆಕ್ಚರರು. ಅವರ ಕಣ್ಣು ತುಂಬಿತ್ತು.

"ಹಿಡೀಲಿಲ್ಲ ಸಾರ್. ಆ ಹಸು ಆಮೇಲೆ ಎಷ್ಟೋ ಕರು ಹಾಕ್ತು. ಆ ಹುಡ್ಗ ನಾನೇ."

ನಡೆದದ್ದನ್ನು ಹೇಳಿದೆ. ಅವರು ನನ್ನನ್ನೂ ಫೋನನ್ನೂ ನೋಡಿದರು. "ಇರ್ಲಿಕ್ಕಿಲ್ಲ ಬಿಡಿ. ನೀವು ಆಗ ಚಿಕ್ಕೋರು, ನೆನಪು ಹೆಚ್ಚುಕಮ್ಮಿ ಆಗಿರುತ್ತೆ. ಈ ಮನುಷ್ಯ ಅಂಥ ಕೆಲಸ ಮಾಡೋರಲ್ಲ."

ನಾನು ಟೇಪು ತೆಗೆದು ಗೇಟಿನ ಅಳತೆ ಬರೆದುಕೊಂಡೆ. ಬೇಡ ಅಂದುಕೊಂಡೇ ಅವರಿಂದ ಆ ತುಣುಕನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಯಾಕೆಂದರೆ ಅಜ್ಜಿಯ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಅವಳು ನಡೆದಾಡುವುದು, ಓಡಿಬರುವುದು ಉಳಿದಿರುವುದು ಆ ಸುಳ್ಳಿನೊಳಗೆ ಮಾತ್ರ.

ಅವರು ಹೋದ ಮೇಲೆ ಶಾಪಿನ ಶಟರು ಅರ್ಧ ಎಳೆದು ಕೂತು ನೋಡಿದೆ. ಅಜ್ಜಿ ಓಡಿ ಬಂದಳು, ಕುಸಿದಳು, ಮಡಿಲಿಗೆ ಎಳೆದುಕೊಂಡಳು. ಅವತ್ತು ಅಳದೇ ಉಳಿದದ್ದನ್ನು ಇವತ್ತಾದರೂ ಅತ್ತು ಮುಗಿಸೋಣ ಎಂದು ಮತ್ತೆ ಮತ್ತೆ ಹಾಕಿದೆ. ಬರಲಿಲ್ಲ. ಫೋನಿನೊಳಗೆ ಆ ಹುಡುಗನೊಬ್ಬನೇ ಅಳುತ್ತಿದ್ದ, ಎಲ್ಲರನ್ನೂ ನಂಬಿಕೊಂಡು.