ಶೇಖರನ ಬಾಂಬರ್ ವಿಮಾನದ ಸೊಂಟ

ಶುಕ್ರವಾರ, ಬೆಳಿಗ್ಗೆ ಏಳು ಗಂಟೆ. ಕೊಲ್ಲಿ ದೇಶದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡ, ಮೂರನೇ ಮಹಡಿ. ಹಾಜರಿದ್ದವರು ಇಬ್ಬರು: ಸರೋಜಮ್ಮ ಮತ್ತು ನಾನು. ಅವರ ಯಜಮಾನ, ನನ್ನ ಗೆಳೆಯ ಶೇಖರ, ತೀರಿಕೊಂಡು ನಲವತ್ತು ದಿನ. ಸರೋಜಮ್ಮ ಮಂಗಳೂರಿಗೆ ಹೊರಟಿದ್ದಾರೆ. ಸಾಮಾನು ಕಟ್ಟಲು ನಾನು ಬಂದಿದ್ದೆ. ಕಪಾಟು ತೆರೆದೆ. ಮರದ ಅಂಟಿನ ವಾಸನೆ ಬಂತು. ಶೇಖರ ಕೆತ್ತಿದ ಮರದ ಬಾಂಬರ್ ವಿಮಾನವನ್ನು ಹೊರಗೆ ತೆಗೆದಿಟ್ಟೆ.

ನಾನು ನಕ್ಷೆ ಕಚೇರಿಯಲ್ಲಿ ಪರಿಶೀಲಕನಾಗಿದ್ದವನು. ನನ್ನ ಸಹಿಯಿಲ್ಲದೆ ಯಾವ ನಕ್ಷೆಯೂ ಹೊರಗೆ ಹೋಗುತ್ತಿರಲಿಲ್ಲ. ನಿವೃತ್ತನಾದ ಮೇಲೂ ಆ ಚಟ ಹೋಗಲಿಲ್ಲ, ಮಗಳ ಮನೆಯ ದಿನಸಿ ಚೀಟಿಯನ್ನೂ ತಿದ್ದುತ್ತೇನೆ! ಶೇಖರ ಇಲ್ಲಿನ ವೆಸ್ಟ್ ಬೇ ಪ್ರದೇಶದ ಕಚೇರಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದ. ರಜೆಯ ದಿನವಾದ ಶುಕ್ರವಾರ ಮಾತ್ರ ಮರದ ವಿಮಾನಗಳ ಶಿಲ್ಪಿ. ಪ್ರತಿ ಮಾದರಿಯ ತಳದಲ್ಲೂ ನನ್ನ ಸಹಿ ಬೇಕಿತ್ತು ಅವನಿಗೆ.

"ರಾಯ್ರೇ, ತಪ್ಪಿದ್ರೆ ಹೇಳಿ. ಇಲ್ಲದಿದ್ರೆ ಸಹಿ ಹಾಕಿ ಖಲಾಸ್ ಮಾಡಿ."

ಶಬ್ದಕ್ಕಿಂತ ವೇಗವಾಗಿ ಹಾರಿದ ಮೊದಮೊದಲ ಬಾಂಬರ್ ಒಂದರ ಮಾದರಿಯನ್ನು ಒಮ್ಮೆ ಕೆತ್ತಿದ್ದ. ಅಸಲಿ ವಿಮಾನ ತಯಾರಾಗಿ ನಿಲ್ಲುವಷ್ಟರಲ್ಲಿ ಕ್ಷಿಪಣಿಗಳ ಕಾಲ ಬಂದು, ಯುದ್ಧವನ್ನೇ ಕಾಣದೆ ಮೂಲೆ ಸೇರಿತಂತೆ. "ಯಾರನ್ನೂ ಕೊಲ್ಲದೆ ರಿಟೈರ್ ಆಯ್ತಲ್ಲ, ಅದಕ್ಕೇ ಇದು ನನಗಿಷ್ಟ" ಅಂದಿದ್ದ. ರೆಕ್ಕೆ ಸೇರುವ ಕಡೆ ಒಡಲನ್ನು ಕಣಜದ ಸೊಂಟದಂತೆ ಸಣ್ಣಗೆ ಮಾಡಿದ್ದ. ಉಜ್ಜಿ ಉಜ್ಜಿ ಹಾಳುಮಾಡಿದ್ದಾನೆಂದು ನಾನು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಮರುವಾರ ಮರದ ಪುಡಿಗೆ ಅಂಟು ಕಲಸಿ ಮೆತ್ತಿ, ಸೊಂಟವನ್ನು ನೇರ ಮಾಡಿ ತಂದ. ನಾನು ಸಹಿ ಹಾಕಿದೆ.

ಮೂರು ವರ್ಷ ಕಳೆದು ಒಂದು ಪುಸ್ತಕದಲ್ಲಿ ಓದಿದೆ: ಶಬ್ದದ ವೇಗದ ಹತ್ತಿರ ಗಾಳಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ; ರೆಕ್ಕೆ ಸೇರುವಲ್ಲಿ ಒಡಲು ತೆಳ್ಳಗಿದ್ದರೆ ಆ ಅಡ್ಡಿ ಕಡಿಮೆ. ಶೇಖರ ಮಾಡಿದ್ದೇ ಸರಿ. ಬರುವ ಶುಕ್ರವಾರ ಹೇಳೋಣವೆಂದುಕೊಂಡೆ. ಎಲ್ಲಿಗೂ ಐದು ನಿಮಿಷ ತಡವಾಗಿ ಹೋಗದ ನಾನು ಇದೊಂದನ್ನು ಎಷ್ಟು ಶುಕ್ರವಾರ ಮುಂದಕ್ಕೆ ಹಾಕಿದೆನೋ, ನೀವೇ ಊಹಿಸಿ. ಕೊನೆಗೆ ಶುಕ್ರವಾರಗಳು ಉಳಿದವು, ಅವನು ಉಳಿಯಲಿಲ್ಲ.

ಇವತ್ತು ಸರೋಜಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ಅವರಿಗೆ ಗೊತ್ತಿತ್ತು ರಾಯ್ರೇ, ಆ ದಿನವೇ" ಎಂದರು ಆಕೆ. "ಮತ್ಯಾಕೆ ಮೆತ್ತುದು ಅಂತ ಕೇಳಿದೆ. 'ಅಷ್ಟು ಆಸೆಯಲ್ಲಿ ಕೂತು ತಿದ್ದಿದ್ದಾರೆ ಮಾರಾಯ್ತಿ, ಅಲ್ಲ ಅಂದ್ರೆ ಬೇಜಾರು ಮಾಡ್ಕೊಳ್ತಾರೆ. ಸೊಂಟ ದಪ್ಪ ಆದ್ರೆ ಏನೀಗ, ಇದು ಹಾರ್ಲಿಕ್ಕುಂಟಾ?' ಅಂದ್ರು."

ಚಾಕು ತೆಗೆದು ಆ ಮೆತ್ತಿದ್ದನ್ನು ಕೆರೆಯಲು ಹೋದೆ. ಸರೋಜಮ್ಮ ನನ್ನ ಕೈ ಹಿಡಿದರು.

"ಬೇಡ. ಅದು ಅವರು ನಿಮಗೋಸ್ಕರ ಮಾಡಿದ್ದು."

ಹತ್ತೂವರೆಗೆ ವಿಮಾನವನ್ನು ಇದ್ದ ಹಾಗೆಯೇ ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಟೇಪು ಅಂಟಿಸಿದೆ.