ನಮ್ಮ ತಲಬಾಗಿಲು ಬಂದದ್ದೆಲ್ಲಿಂದ?

ಗೃಹಪ್ರವೇಶದ ಮರುದಿನ ಬಬಲೇಶ್ವರದ ಬಡಿಗ ಮೌನೇಶಣ್ಣನ ಮನೆಗೆ ಹೋಳಿಗೆ ಕೊಡಲು ಹೋದವಳು ಹೊರಗೇ ನಿಂತುಬಿಟ್ಟೆ. ಮನೆಗೆ ಬಾಗಿಲೇ ಇರಲಿಲ್ಲ! ಖಾಲಿ ಚೌಕಟ್ಟಿಗೆ ತಾಡಪತ್ರಿಯ ಪರದೆ ಕಟ್ಟಿದ್ದರು.

ವಿಜಯಪುರದ ಅಥಣಿ ರಸ್ತೆಯಲ್ಲಿ ನಾವು ಕಟ್ಟಿಸಿದ ಮನೆಗೆ ಹೊಸ ಮರ ಕಡಿಯುವುದು ಬೇಡ, ಕೆಡವಿದ ಮನೆಗಳ ಹಳೆಯ ತೊಲೆಯಲ್ಲೇ ತಲಬಾಗಿಲು ಮಾಡಿಕೊಡಿ ಎಂದು ಅವರಿಗೆ ಹೇಳಿದ್ದೆವು. ಅವರು ತಂದು ಕೂರಿಸಿದ ಸಾಗವಾನಿ ಬಾಗಿಲನ್ನು ಬೀಗರೆಲ್ಲ ಮುಟ್ಟಿ ಮುಟ್ಟಿ ನೋಡಿ ಹೊಗಳಿದ್ದರು. ಅದು ಇದೇ ಮನೆಯದೆಂದು ಈಗ ಹೊಳೆಯಿತು.

“ಇದೇನ್ರಿ ವೈನಿ?” ಎಂದು ಅವರ ಹೆಂಡತಿಯನ್ನು ಕೇಳಿದೆ.

“ಕಟಗಿ ಮಾರಾವ್ರು ಹಳೇ ತೊಲಿ ಅಂತ ಹೇಳಿ ಕೊಟ್ಟಿದ್ರವ್ವಾ. ಕೊಯ್ದ ನೋಡಿದ್ರ ಒಳಗ ಹಸಿ ಕಟಗಿ! ಯಾರೋ ಕದ್ದ ಕಡದದ್ದು. ಇವರು ಮತ್ತ ಅದನ್ನ ಮುಟ್ಟಲೇ ಇಲ್ಲ, ಅರಣ್ಯ ಆಫೀಸಿಗೆ ಹೋಗಿ ತಿಳಿಸಿ ಬಂದ್ರು. ನಿಮ್ಮ ಮುಹೂರ್ತ ತಪ್ಪಬಾರ್ದಂತ ನಮ್ಮ ಬಾಗಲಾ ಬಿಚ್ಚಿದ್ರು.”

ಅಷ್ಟರಲ್ಲಿ ಮೌನೇಶಣ್ಣ ಹೊರಗೆ ಬಂದರು. “ನಮಗೊಂದ ಮಾತ ಹೇಳಬಾರದಿತ್ತೇನ್ರಿ?” ಎಂದೆ.

“ಹೇಳಿದ್ರ ನೀವು, ‘ಇರ್ಲಿ ಬಿಡ್ರಿ, ಆ ಕಟಗೀನೇ ಕೂಡಸ್ರಿ’ ಅಂತಿದ್ರಿ, ತಂಗಿ.”

ಖರೇನೇ, ಹಾಗೆಯೇ ಅನ್ನುತ್ತಿದ್ದೆ. ಬಾಗಿಲು ವಾಪಸು ಒಯ್ಯಿರೆಂದು ಎಷ್ಟು ಬೇಡಿಕೊಂಡರೂ ಅವರು ಒಪ್ಪಲಿಲ್ಲ. ಅವರು ತಮ್ಮ ಮನೆಗೆ ಬೇರೆ ಬಾಗಿಲು ಮಾಡಿಕೊಳ್ಳುವವರೆಗೆ, ನಮ್ಮ ಬಾಗಿಲಿಗೆ ಚಿಲಕ ಹಾಕಲು ನನ್ನ ಕೈ ಏಳುತ್ತಿರಲಿಲ್ಲ.