ಕತೆ ಕಲಿಸುವ ಕಾಲೇಜು

ಮೊನ್ನೆ ಮೊಮ್ಮಗಳು ರಶ್ಮಿ ನಾಲ್ಕೈದು ಕಾಲೇಜುಗಳ ಬಣ್ಣಬಣ್ಣದ ಪುಸ್ತಿಕೆಗಳನ್ನು ತಂದು ನನ್ನ ಉಡಿಯಲ್ಲಿ ಹಾಕಿದಳು. ಹೊಸ ಕಾಗದದ ವಾಸನೆ ಮೂಗಿಗೆ ಬಡಿಯಿತು. ಬಿ.ಎ.ಯಲ್ಲಿ ಕತೆ, ಕವಿತೆ ಬರೆಯುವುದನ್ನೇ ಕಲಿಸುವ ಕಾಲೇಜುಗಳಂತೆ. "ಆಯಿ, ಇದರಾಗ ಯಾವುದು ಚಲೋ ಹೇಳು" ಎಂದಳು. ಒಂದರಲ್ಲಿ ಮರದ ಕೆಳಗೆ ಕೂತು ಬರೆಯುವವರ ಚಿತ್ರ. ಇನ್ನೊಂದರಲ್ಲಿ ಕಿಟಕಿಯಾಚೆ ನೋಡುತ್ತ ಬರೆಯದೇ ಕೂತವರ ಚಿತ್ರ. ನನಗೆ ನಗು ಬಂತು. ಇಂಥ ಹೋಲಿಕೆಯನ್ನು ನಾವೂ ಒಮ್ಮೆ ಮಾಡಿದ್ದೆವು ನೋಡಿ, ಕೆಂಪು ಬಸ್ಸು ಹತ್ತಿ ಇಳಿದು.

ಎಪ್ಪತ್ತರ ದಶಕದ ಕೊನೆ. ಇಳಕಲ್ಲಿನಲ್ಲಿ ಪಿ.ಯು.ಸಿ. ಮುಗಿಸಿದ್ದ ನನಗೂ ನಮ್ಮ ಓಣಿಯ ಗೆಳತಿ ಗಿರಿಜಾಳಿಗೂ ಕತೆಗಾರ್ತಿಯರಾಗುವ ಹುಚ್ಚು. ಸಾಲಿ ಮಾಸ್ತರರಾಗಿದ್ದ ಅವಳಪ್ಪ, "ಎಲ್ಲಿ ಬರಿಯೂದು ಕಲಸ್ತಾರ, ನೋಡಿಕೊಂಡ ಬರೂಣು ನಡೀರಿ" ಎಂದು ನಮ್ಮನ್ನು ಹೊರಡಿಸಿದರು.

ಬಾಗಲಕೋಟೆಯಲ್ಲಿ ಸಿಕ್ಕ ಕನ್ನಡ ಅಧ್ಯಾಪಕರು ಮೊದಲು ಛಂದಸ್ಸು ಎಂದರು. ವರ್ಷಗಟ್ಟಲೆ ಮಾತ್ರೆ ಎಣಿಸಿದ ಮೇಲೆ ಕತೆಯ ಮಾತಂತೆ. ಮಾತ್ರೆಯೆಂದರೆ ನನಗೆ ದವಾಖಾನಿಯದೇ ಹೆಚ್ಚು ಪರಿಚಯ. ಆದರೂ ಗಂಭೀರವಾಗಿ ತಲೆಯಾಡಿಸಿದೆ. ಬಾದಾಮಿಯಲ್ಲಿ ಕಂಡವರು ಗುಡ್ಡದತ್ತ ಕೈ ತೋರಿಸಿ, "ಆ ಕಲ್ಲ ಬರಸ್ತಾವ" ಎಂದರು. ಅಷ್ಟು ವರ್ಷ ಅಲ್ಲೇ ಇದ್ದೂ ಅವರು ಮಾತ್ರ ಏನೂ ಬರೆದಿರಲಿಲ್ಲ. ಕಲ್ಲಿಗೆ ಮನಸ್ಸಾಗಿರಲಿಲ್ಲವೇನೋ. ಹುನಗುಂದದವರು ಏನೂ ಹೇಳದೆ ಚಾ ತರಿಸಿದರು. ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿಸುವ ಬಸ್ಸೂ ಅಲ್ಲಿಂದಲೇ ಇತ್ತು. ಗಿರಿಜಾಳ ಅಪ್ಪನ ವಿಮರ್ಶೆ ಅಲ್ಲಿಗೆ ಮುಗಿಯಿತು, ನಾವಿಬ್ಬರೂ ಹುನಗುಂದದ ಕಾಲೇಜು ಸೇರಿದೆವು.

ಚಾ ಕುಡಿಸಿದ ಆ ಸರ್ ಮರುವರ್ಷ ಕಾಲೇಜಿನ ಸಂಚಿಕೆಗೆ ಕತೆ ಕೇಳಿದರು. ಗಿರಿಜಾ ತನ್ನ ಸೋದರತ್ತೆಯ ಬಗ್ಗೆ ಬರೆದಳು. ಗಂಡ ಬಿಟ್ಟವಳು, ತವರಿನಲ್ಲಿ ಎಲ್ಲರಿಗೂ ಬಡಿಸಿ, ಉಳಿದರೆ ಉಣ್ಣುವವಳು. ಸರ್ ಮೆಚ್ಚಿದರು, ಮೆಚ್ಚಿ ಕೆಂಪು ಶಾಯಿಯ ಪೆನ್ನು ತೆಗೆದರು. ಅತ್ತೆಯ "ಉಂಡಿಯೇನವಾ?" ಎಂಬ ಮಾತು "ಊಟವಾಯಿತೇನಮ್ಮಾ?" ಎಂದಾಯಿತು.

"ನಮ್ಮತ್ತಿ ಹಿಂಗ ಮಾತಾಡಂಗಿಲ್ರಿ ಸರ್" ಎಂದಳು ಗಿರಿಜಾ.

"ಸಾಹಿತ್ಯದಾಗ ಹಂಗ ಮಾತಾಡಬೇಕವಾ" ಎಂದರು ಅವರು, ಅಪ್ಪಟ ನಮ್ಮ ಮಾತಿನಲ್ಲಿ.

"ಹಂಗ ಕೇಳಿದ್ರ, ಉಂಡೇನಿ ಅಂತ ಸುಳ್ಳ ಹೇಳಿ ಎದ್ದ ಬರಬೇಕಾಗತೈತ್ರಿ."

ಅವಳು ಕತೆಯನ್ನು ವಾಪಸು ತೆಗೆದುಕೊಂಡಳು. ನಾನು ನನ್ನದನ್ನು ಕೊಟ್ಟೆ. ಅದರಲ್ಲಿ ಹೊಂಬಿಸಿಲು, ಮಂದಾನಿಲ, ನಾನೆಂದೂ ಕಾಣದ ಕಡಲು ಎಲ್ಲ ಇದ್ದವು. ಬಹುಮಾನವೂ ಬಂತು. ಅದನ್ನು ಎರಡನೆಯ ಸಲ ಓದಿದವರು ಇನ್ನೂ ನನಗೆ ಸಿಕ್ಕಿಲ್ಲ, ನಾನೂ ಓದಿಲ್ಲ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ದಿನ ಗಿರಿಜಾ ತನ್ನ ಕತೆಯನ್ನು ಹುಡುಗಿಯರ ಕೋಣೆಯಲ್ಲಿ ಓದಿದಳು. ಮೊದಮೊದಲು ಎಲ್ಲರೂ ನಕ್ಕರು. ಮುಗಿದಾಗ ಇನ್ನೊಮ್ಮೆ ಓದು ಎಂದರು. ಬಹುಮಾನದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮುಂದೆ ಅವಳು ಗುಳೇದಗುಡ್ಡದಲ್ಲಿ ಟೀಚರ್ ಆದಳು. ಕೆಲವು ವರ್ಷಗಳ ಮೇಲೆ ಅದೇ ಕತೆಯನ್ನು ಮೊದಲಿಗಿಟ್ಟು ಪುಸ್ತಕ ತಂದಳು. ಬಿಡುಗಡೆಗೆ ಅಧ್ಯಕ್ಷರು ಅದೇ ಸರ್. "ಇಕಿ ನಮ್ಮ ಗರಡಿಯಾಗ ತಯಾರಾದಾಕಿ" ಎಂದು ಶುರುಮಾಡಿ, ನೆಲದ ನುಡಿಯ ಸೊಗಡಿನ ಮೇಲೆ ಸಭೆ ಆಕಳಿಸುವವರೆಗೆ ಮಾತಾಡಿದರು.

ಗಿರಿಜಾ ಎದ್ದು ಹೇಳಿದ್ದು ಇಷ್ಟೇ: "ಸರ್ ಹೇಳಿದ್ದು ಖರೆ ಐತಿ. ಅವರು ಹೊಡದ ಹಾಕಿದ್ದೆಲ್ಲಾ ಈ ಪುಸ್ತಕದಾಗ ಐತ್ರಿ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸರ್ ಅವರೇ.

ಇದನ್ನೆಲ್ಲ ಹೇಳಿ ಮುಗಿಸಿ ರಶ್ಮಿಯನ್ನು ಕೇಳಿದೆ: "ನೀ ಬರದದ್ದು ಏನರ ಐತೇನು?"

ನಾಚಿಕೊಂಡೇ ಓದತೊಡಗಿದಳು. ಎರಡನೆಯ ವಾಕ್ಯದಲ್ಲೇ ಒಂದು ಶಬ್ದ ನನ್ನ ಕಿವಿಗೆ ಚುಚ್ಚಿತು. ತಿದ್ದಲೆಂದು ಬಾಯಿ ತೆರೆದೆ. ಅವಳು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮುಂದ ಓದು" ಎಂದೆ.